ಹಾಳೆಯ ಹಿಂದಿನ ಬಿದಿರು

ವಿದ್ಯೆಗೂ ಕಾಗದಕ್ಕೂ ಇರುವ ನಂಟು ಬಲವಾದುದು. ಪ್ರವೇಶದ ಅರ್ಜಿಯಿಂದ ಪದವಿಯ ಪ್ರಮಾಣಪತ್ರದವರೆಗೆ ವಿದ್ಯಾರ್ಥಿಗೆ ಕಾಗದವೇ ಸಂಗಾತಿ. ಆದರೆ ಆ ಕಾಗದವು ಎಲ್ಲಿಂದ ಬರುತ್ತದೆ ಎಂದು ಯೋಚಿಸುವವರು ವಿರಳ.

ಯಮಕನಮರಡಿಯಿಂದ ಹೆದ್ದಾರಿಯಲ್ಲಿ ಬೆಳಗಾವಿಯ ಕಡೆಗೆ ಸಾಗಿದರೆ ಭೂತರಾಮನಹಟ್ಟಿ ಸಿಗುತ್ತದೆ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಆರಂಭವಾದುದು ಇಲ್ಲಿಯೇ. ಹುಕ್ಕೇರಿ, ಗೋಕಾಕ ಸೀಮೆಯ ಮಕ್ಕಳಿಗೆ ಇದರಿಂದ ಉನ್ನತ ಶಿಕ್ಷಣವು ಸಮೀಪವಾಯಿತು. ಇಂಥ ಯಾವ ವಿದ್ಯಾಕೇಂದ್ರಕ್ಕಾದರೂ ಸಲ್ಲುವ ಸರಳವಾದ ಲೆಕ್ಕವೊಂದಿದೆ. ಸಾಮಾನ್ಯವಾದ ಎ-4 ಹಾಳೆಯ ತೂಕ 5 ಗ್ರಾಂ. 100 ಪುಟಗಳ ಪ್ರಬಂಧವನ್ನು ಒಂದೇ ಮಗ್ಗುಲಿಗೆ ಮುದ್ರಿಸಿ 4 ಪ್ರತಿ ತೆಗೆದರೆ 400 ಹಾಳೆ, ಎಂದರೆ 2 ಕಿಲೋಗ್ರಾಂ ಕಾಗದ ಬೇಕು. ಎರಡೂ ಮಗ್ಗುಲಿಗೆ ಮುದ್ರಿಸಿದರೆ 1 ಕಿಲೋಗ್ರಾಂ ಸಾಕು. ಸಾವಿರ ವಿದ್ಯಾರ್ಥಿಗಳು ಹೀಗೆ ಮಾಡಿದರೆ ಒಂದು ಟನ್ ಕಾಗದ ಉಳಿಯುತ್ತದೆ. ಪ್ರಬಂಧದ ಒಂದಕ್ಷರವೂ ಕಡಿಮೆಯಾಗುವುದಿಲ್ಲ.

ಕಾಗದದ ಬೆಲೆಯೆಂದರೆ ಅಂಗಡಿಯಲ್ಲಿ ಕೊಡುವ ಹಣವಷ್ಟೇ ಅಲ್ಲ. ಕಾಳಿ ನದಿಯ ದಡದ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯು 1959ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಅದಕ್ಕೆ ಕಾಡಿನ ಬಿದಿರು ಅತ್ಯಲ್ಪ ದರಕ್ಕೆ ದೊರೆಯಿತು. ಕ್ರಮೇಣ ಬಿದಿರುಮೆಳೆಗಳು ಬರಿದಾದವು. ಬುಟ್ಟಿ, ಮೊರ ಹೆಣೆದು ಬದುಕುವ ಮೇದಾರರಿಗೆ ಬಿದಿರೇ ದುರ್ಲಭವಾಯಿತು. 1970ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳರು ಕರ್ನಾಟಕದ ಬಿದಿರುಕಾಡುಗಳನ್ನು ಅಧ್ಯಯನ ಮಾಡಿ ಈ ಹ್ರಾಸವನ್ನು ಬೆಳಕಿಗೆ ತಂದರು. ಇಂದು ಕಾಗದ ತಯಾರಿಕೆಗೆ ರೈತರು ಬೆಳೆದ ನೀಲಗಿರಿ, ಸುಬಾಬುಲ್ ಮರಗಳೂ ಬಳಕೆಯಾಗುತ್ತಿವೆ. ಆದರೂ ಅದಕ್ಕೆ ಬೇಕಾಗುವ ನೆಲ, ನೀರು, ಇಂಧನಗಳ ವೆಚ್ಚ ತಪ್ಪಿಲ್ಲ.

ಗಣಕಯಂತ್ರ ಬಂದೊಡನೆ ಕಾಗದ ತಾನಾಗಿಯೇ ಉಳಿಯುತ್ತದೆಂದು ಭಾವಿಸುವುದು ಸರಿಯಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಸಿ, ಗಣಕಯಂತ್ರದ ಪರದೆಯ ಮೇಲೆ ಮೌಲ್ಯಮಾಪನ ನಡೆಸುವ ಪದ್ಧತಿಯನ್ನು ತಂದಿತು. ಇದರಿಂದ ಪತ್ರಿಕೆಗಳ ಕಟ್ಟುಗಳನ್ನು ಊರಿಂದೂರಿಗೆ ಸಾಗಿಸುವ ಶ್ರಮ ಕಡಿಮೆಯಾಗುತ್ತದೆ. ಆದರೆ ವಿದ್ಯಾರ್ಥಿಯು ಉತ್ತರ ಬರೆದ ಹಾಳೆ ಉಳಿಯುವುದಿಲ್ಲ. ಯಂತ್ರದೊಡನೆ ಮನುಷ್ಯನ ವಿವೇಕವೂ ಸೇರಬೇಕು. ಕರಡನ್ನು ಪರದೆಯ ಮೇಲೆಯೇ ತಿದ್ದುವುದು, ಸುತ್ತೋಲೆಯನ್ನು ಒಬ್ಬೊಬ್ಬರಿಗೂ ಹಂಚದೆ ಸೂಚನಾಫಲಕಕ್ಕೆ ಹಚ್ಚುವುದು, ಒಂದು ಮಗ್ಗುಲು ಖಾಲಿಯಿರುವ ಹಾಳೆಗಳನ್ನು ಹೊಲಿದು ಲೆಕ್ಕ ಮಾಡಲು ಬಳಸುವುದು - ಇವಾವುವೂ ಕಷ್ಟದ ಕೆಲಸಗಳಲ್ಲ.

ಮಿತವ್ಯಯವೆಂದರೆ ಓದುಬರಹವನ್ನು ಮೊಟಕುಗೊಳಿಸುವುದಲ್ಲ. ಮೊಬೈಲ್ ಕೊಳ್ಳಲಾರದ ಬಡ ವಿದ್ಯಾರ್ಥಿಗೆ ಅಚ್ಚಾದ ಟಿಪ್ಪಣಿಯೇ ಆಧಾರ; ಅದನ್ನು ಕಸಿದು ಕಾಗದ ಉಳಿಸುವುದು ನ್ಯಾಯವಲ್ಲ. ಬೇಕಾದಲ್ಲಿ ಬಳಸಿ, ಬೇಡವಾದಲ್ಲಿ ಉಳಿಸುವುದೇ ಮಿತವ್ಯಯ. ಮುದ್ರಣದ ಗುಂಡಿಯನ್ನು ಒತ್ತುವ ಮುನ್ನ ಕ್ಷಣಕಾಲ ಯೋಚಿಸುವವನು ಮೇದಾರನ ಬುಟ್ಟಿಯನ್ನೂ ಕಾಡಿನ ಮೆಳೆಯನ್ನೂ ನೆನೆದವನಾಗುತ್ತಾನೆ.