ರೂಢಿಯ ಉದ್ದದ ಅಳತೆಗಳ ಬೋಧನೆ

ರೂಢಿಯ ಉದ್ದದ ಅಳತೆಗಳ ಬೋಧನೆ ಎಂಬುದು ಗೇಣು, ಮೊಳ, ಮಾರು ಮೊದಲಾದ ದೇಹಮೂಲದ ಅಳತೆಗಳನ್ನೂ ಅಂಗುಲ, ಅಡಿ, ಗಜ, ಮೈಲಿ ಎಂಬ ಬ್ರಿಟಿಷ್ ಪದ್ಧತಿಯ ಅಳತೆಗಳನ್ನೂ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪರಿಚಯಿಸುವ ಗಣಿತ ಬೋಧನೆಯ ಒಂದು ಭಾಗ. ಭಾರತದಲ್ಲಿ 1956ರ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿ ಜಾರಿಗೆ ಬಂದಿತು. ಆದರೂ ಕರ್ನಾಟಕದಲ್ಲಿ ಹೂವನ್ನು ಮೊಳದ ಲೆಕ್ಕದಲ್ಲಿ, ನಿವೇಶನವನ್ನು ಅಡಿಯ ಲೆಕ್ಕದಲ್ಲಿ, ಹೊಲವನ್ನು ಎಕರೆ ಗುಂಟೆಗಳಲ್ಲಿ ಹೇಳುವ ವಾಡಿಕೆ ಇಂದಿಗೂ ಉಳಿದಿದೆ. ಶಾಲೆಯಲ್ಲಿ ಸೆಂಟಿಮೀಟರನ್ನು ಮಾತ್ರ ಕಲಿತ ಮಗು ಮನೆಯಲ್ಲಿಯೂ ಬೀದಿಯಲ್ಲಿಯೂ ಬೇರೆಯೇ ಹೆಸರುಗಳನ್ನು ಕೇಳುತ್ತದೆ. ಈ ಎರಡನ್ನೂ ಹೊಂದಿಸಿಕೊಳ್ಳಲು ಕಲಿಸುವುದು, ಜೊತೆಗೆ ಎಲ್ಲರೂ ಒಪ್ಪಿದ ಒಂದು ಮಾನ ಏಕೆ ಬೇಕೆಂಬುದನ್ನು ಮನಗಾಣಿಸುವುದು ಈ ಬೋಧನೆಯ ಉದ್ದೇಶ.

ಅಳತೆಗಳು ಮತ್ತು ಅವುಗಳ ಸಂಬಂಧ

ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ಅಗಲಿಸಿದಾಗ ದೊರೆಯುವ ಉದ್ದ ಚೋಟು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗಿನದು ಗೇಣು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಮೊಳ. ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿದಾಗ ಒಂದು ಕೈಯ ತುದಿಯಿಂದ ಇನ್ನೊಂದರ ತುದಿಯವರೆಗೆ ಮಾರು. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು ಎಂಬುದು ರೂಢಿಯ ಲೆಕ್ಕ. ಬ್ರಿಟಿಷ್ ಪದ್ಧತಿಗೆ ಹೊಂದಿಸುವಾಗ ಗೇಣನ್ನು 9 ಅಂಗುಲ, ಮೊಳವನ್ನು 18 ಅಂಗುಲ, ಮಾರನ್ನು 6 ಅಡಿ ಎಂದು ಹಿಡಿಯುವುದು ವಾಡಿಕೆ. ಹೀಗೆ ಎರಡು ಮೊಳ ಒಂದು ಗಜವಾಗುತ್ತದೆ. ಹದಿನೆಂಟು ಮೊಳದ ಸೀರೆಯೂ ಒಂಬತ್ತು ಗಜದ ಸೀರೆಯೂ ಒಂದೇ ಎಂದು ಮಕ್ಕಳು ತಾವೇ ಲೆಕ್ಕ ಹಾಕಿ ಕಂಡುಕೊಳ್ಳಬಹುದು. ದೂರಕ್ಕೆ ಫರ್ಲಾಂಗು, ಮೈಲಿಗಳಲ್ಲದೆ ಸುಮಾರು ಮೂರು ಮೈಲಿಯ ಹರದಾರಿಯೂ, ಲೆಕ್ಕಕ್ಕೆ ಸಿಗದ ಕೂಗಳತೆಯೂ ಬಳಕೆಯಲ್ಲಿದ್ದವು.

ಮಾರು ಸಾಮಾನ್ಯವಾಗಿ ಆಯಾ ವ್ಯಕ್ತಿಯ ಎತ್ತರಕ್ಕೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ನಾಲ್ಕು ಮೊಳವೂ ಅದರ ಸಮೀಪಕ್ಕೆ ಬರುತ್ತದೆ. ಆರು ವರ್ಷದ ಮಗುವಿನ ಮೊಳ ತಂದೆಯ ಮೊಳಕ್ಕಿಂತ ಎಷ್ಟೋ ಚಿಕ್ಕದು. ಆದರೆ ಆ ಮಗುವಿನ ನಾಲ್ಕು ಮೊಳ ಆ ಮಗುವಿನ ಮಾರಿಗೆ ಸುಮಾರಾಗಿ ಹೊಂದುತ್ತದೆ. ಉದ್ದ ಬದಲಾದರೂ ಸಂಬಂಧ ಬದಲಾಗುವುದಿಲ್ಲ ಎಂಬ ಈ ಸಂಗತಿಯೇ ದೇಹಮೂಲದ ಅಳತೆಗಳು ಶತಮಾನಗಳ ಕಾಲ ಬಾಳಿದ್ದಕ್ಕೆ ಒಂದು ಕಾರಣ. ಕೋಷ್ಟಕವನ್ನು ಬಾಯಿಪಾಠ ಮಾಡಿಸುವ ಮೊದಲು ಇದನ್ನು ಮಕ್ಕಳು ದಾರ ಹಿಡಿದು ಪರೀಕ್ಷಿಸುವುದು ಲೇಸು.

ಒಂದೇ ಹೆಸರು, ಎರಡು ಅಳತೆ

ಕನ್ನಡದಲ್ಲಿ ಈ ಪಾಠವನ್ನು ತೊಡಕಾಗಿಸುವುದು ಅಂಗುಲ ಎಂಬ ಪದ. ಪ್ರಾಚೀನ ಗ್ರಂಥಗಳಲ್ಲಿ ಅಂಗುಲವೆಂದರೆ ಬೆರಳಿನ ಅಗಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎಂಟು ಯವಗಳ ಅಗಲ ಒಂದು ಅಂಗುಲ, 12 ಅಂಗುಲ ಒಂದು ವಿತಸ್ತಿ, ಅಂದರೆ ಗೇಣು. 24 ಅಂಗುಲ ಒಂದು ಮೊಳ. ಇಂದಿನ ಕನ್ನಡದಲ್ಲಿಯಾದರೋ ಅಂಗುಲವೆಂದರೆ ಇಂಚು, 12 ಅಂಗುಲ ಒಂದು ಅಡಿ. ಮೊಳವನ್ನು 18 ಇಂಚು ಎಂದು ಹಿಡಿದರೆ ಹಳೆಯ ಅಂಗುಲ ಮುಕ್ಕಾಲು ಇಂಚು ಮಾತ್ರ. ಒಂದು ಕಡೆ ಹನ್ನೆರಡು ಅಂಗುಲ ಗೇಣೆಂದೂ ಇನ್ನೊಂದು ಕಡೆ ಅಡಿಯೆಂದೂ ಓದಿದ ವಿದ್ಯಾರ್ಥಿ ಗೇಣೂ ಅಡಿಯೂ ಒಂದೇ ಎಂದು ತಿಳಿದರೆ ತಪ್ಪು ಅವನದಲ್ಲ. ಇಂಚನ್ನು ಇಂಚು ಎಂದೇ ಕರೆದು, ಅಂಗುಲವನ್ನು ಬೆರಳಗಲಕ್ಕೆ ಮೀಸಲಿಟ್ಟಿದ್ದರೆ ಈ ಗೊಂದಲ ಹುಟ್ಟುತ್ತಲೇ ಇರಲಿಲ್ಲ. ಈ ಲೇಖನದ ಮುಂದಿನ ಭಾಗದಲ್ಲಿ ಇಂಚು ಎಂಬ ಪದವನ್ನೇ ಬಳಸಲಾಗಿದೆ.

ಅಡಿಯ ವಿಷಯದಲ್ಲೂ ಇದೇ ಬಗೆಯ ತೊಡಕಿದೆ. ಅಡಿ ಎಂದರೆ ಪಾದ. ಆದರೆ 12 ಇಂಚಿನ ಅಡಿ ವಯಸ್ಕರಲ್ಲಿಯೂ ಬಹುಮಂದಿಯ ಪಾದಕ್ಕಿಂತ ಉದ್ದವಾದುದು.

ತನ್ನ ಬೆರಳು ಬೇರೆ, ಲೆಕ್ಕದ ಬೆರಳು ಬೇರೆ ಎಂಬ ಅರಿವು ಹೊಸದೇನಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ರಚಿಸಿದ ಗಣಿತಸಾರಸಂಗ್ರಹದ ಮೊದಲ ಅಧಿಕಾರದಲ್ಲಿ ವ್ಯವಹಾರಾಂಗುಲವನ್ನೂ ಆಯಾ ಕಾಲದ ಜನರ ಸ್ವಂತ ಬೆರಳಿನ ಅಳತೆಯಾದ ಆತ್ಮಾಂಗುಲವನ್ನೂ ಬೇರೆಬೇರೆಯಾಗಿ ಹೇಳಿದ್ದಾನೆ. ತರಗತಿಯಲ್ಲಿ ವಿವರಿಸಬೇಕಾದ ವ್ಯತ್ಯಾಸವೂ ಇದೇ.

ತರಗತಿಯಲ್ಲಿ ಬೋಧನಾಕ್ರಮ

ಮೊದಲು ಹೋಲಿಕೆ: ಯಾವುದು ಉದ್ದ, ಯಾವುದು ಗಿಡ್ಡ. ಎರಡು ಕಡ್ಡಿಗಳ ಒಂದು ತುದಿಯನ್ನು ಸಮನಾಗಿ ಇರಿಸಿ ನೋಡಬೇಕೆಂಬುದು ಚಿಕ್ಕ ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲ. ಸಮನಾದ ಎರಡು ಕಡ್ಡಿಗಳಲ್ಲಿ ಒಂದನ್ನು ಸ್ವಲ್ಪ ಮುಂದೆ ಸರಿಸಿದರೆ ಅದೇ ಉದ್ದವೆನ್ನುವ ಮಕ್ಕಳಿದ್ದಾರೆ. ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಇದನ್ನು ಉದ್ದದ ಸ್ಥಿರತೆಯ ಅರಿವು ಇನ್ನೂ ಮೂಡದ ಹಂತವೆಂದು ಗುರುತಿಸಿದನು.

ಆನಂತರ ಗೇಣಿನಿಂದ ಅಳತೆ. ತರಗತಿಯ ಒಂದೇ ಬೆಂಚನ್ನು ಮಕ್ಕಳೆಲ್ಲರೂ ತಮ್ಮ ತಮ್ಮ ಗೇಣಿನಿಂದ ಅಳೆದು ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ. ಕೊನೆಗೆ ಶಿಕ್ಷಕರು ಅಳೆಯುತ್ತಾರೆ. ಮಕ್ಕಳಲ್ಲಿ ಒಬ್ಬರಿಗೆ ಹತ್ತು ಗೇಣು, ಇನ್ನೊಬ್ಬರಿಗೆ ಒಂಬತ್ತು ಬಂದರೆ ಶಿಕ್ಷಕರಿಗೆ ಆರೋ ಏಳೋ ಬರಬಹುದು. ಯಾರೂ ತಪ್ಪು ಅಳೆದಿಲ್ಲ, ಆದರೂ ಉತ್ತರ ಒಂದಲ್ಲ. ಇಲ್ಲಿ ಶಿಕ್ಷಕರು ಆತುರಪಟ್ಟು ಅಳತೆಪಟ್ಟಿಯನ್ನು ಹೊರತೆಗೆಯಬಾರದು. ಹೂವಾಡಗಿತ್ತಿಯ ಮೊಳಕ್ಕೂ ಕೊಳ್ಳುವವರ ಮೊಳಕ್ಕೂ ವ್ಯತ್ಯಾಸ ಬಂದರೆ ಯಾರ ಮೊಳವನ್ನು ಒಪ್ಪಬೇಕು ಎಂದು ಕೇಳಿ ಚರ್ಚೆಗೆ ಬಿಡಬೇಕು. ಒಬ್ಬರ ಗೇಣಿನಷ್ಟು ಉದ್ದದ ಕಡ್ಡಿಯನ್ನು ಕತ್ತರಿಸಿ ಎಲ್ಲರೂ ಅದರಿಂದಲೇ ಅಳೆಯೋಣ ಎಂಬ ಸಲಹೆ ಮಕ್ಕಳಿಂದಲೇ ಬರುವುದುಂಟು. ಮಾನಕ ಅಳತೆ ಹುಟ್ಟುವುದು ಆ ಕಡ್ಡಿಯಿಂದಲೇ. ಕರ್ನಾಟಕದ ದಾನಶಾಸನಗಳಲ್ಲಿ ಭೂಮಿಯನ್ನು ಇಂಥ ಗಳೆಯಿಂದ ಅಥವಾ ಕೋಲಿನಿಂದ ಅಳೆದು ಮತ್ತರು, ಕಮ್ಮಗಳ ಲೆಕ್ಕದಲ್ಲಿ ಕೊಟ್ಟ ಉಲ್ಲೇಖಗಳಿವೆ.

ಅಳತೆ ದೊಡ್ಡದಾದಷ್ಟೂ ಎಣಿಕೆ ಕಡಿಮೆಯಾಗುತ್ತದೆ ಎಂಬುದು ಇದೇ ಚಟುವಟಿಕೆಯಿಂದ ತಿಳಿಯಬೇಕಾದ ಇನ್ನೊಂದು ಅಂಶ. ದೊಡ್ಡ ಸಂಖ್ಯೆ ಬಂದವರ ಬೆಂಚೇ ಉದ್ದ ಎಂದು ಮಕ್ಕಳು ಭಾವಿಸುವುದು ಸಹಜ. ಇದು ತಿಳಿಯದೆ ಮುಂದಕ್ಕೆ ಹೋದರೆ, ಅಡಿಯನ್ನು ಇಂಚಿಗೆ ತರಲು ಗುಣಿಸಬೇಕೋ ಭಾಗಿಸಬೇಕೋ ಎಂಬ ಸಂದೇಹ ಮೇಲಿನ ತರಗತಿಗಳಲ್ಲೂ ಬಿಡುವುದಿಲ್ಲ.

ಅಳತೆಪಟ್ಟಿಯ ಬಳಕೆಯಲ್ಲಿ ಆಗುವ ತಪ್ಪುಗಳು

ಗೇಣುಗಳ ನಡುವೆ ಸಂದು ಬಿಡುವುದು, ಒಂದರ ಮೇಲೊಂದು ಬರುವಂತೆ ಇಡುವುದು ಮೊದಲ ಹಂತದ ತಪ್ಪುಗಳು. ಅಳತೆಪಟ್ಟಿ ಕೈಗೆ ಬಂದ ಮೇಲೆ ಸೊನ್ನೆಯ ಬದಲು ಒಂದರಿಂದ ಅಳೆಯುವುದು, ನಡುವಿನ ಅಂತರಗಳನ್ನು ಬಿಟ್ಟು ಗೆರೆಗಳನ್ನೇ ಎಣಿಸುವುದು ಕಂಡುಬರುತ್ತವೆ. ಐದು ಇಂಚಿನ ಪೆನ್ಸಿಲಿನಲ್ಲಿ ಎರಡು ತುದಿಗಳೂ ಸೇರಿ ಆರು ಗೆರೆಗಳಿರುತ್ತವೆ. ಗೆರೆ ಎಣಿಸಿದ ಮಗು ಆರು ಎನ್ನುತ್ತದೆ. ತುದಿ ಮುರಿದ, 3ರಿಂದ ಆರಂಭವಾಗುವ ಪಟ್ಟಿಯನ್ನು ಕೊಟ್ಟು ಅಳೆಯಲು ಹೇಳಿದರೆ ಯಾರು ಅರ್ಥಮಾಡಿಕೊಂಡಿದ್ದಾರೆ, ಯಾರು ಕೇವಲ ಸಂಖ್ಯೆ ಓದುತ್ತಿದ್ದಾರೆ ಎಂಬುದು ಕೂಡಲೇ ಗೊತ್ತಾಗುತ್ತದೆ. ಮುರಿದ ಪಟ್ಟಿಗಳನ್ನು ಎಸೆಯದಿರುವುದು ಒಳ್ಳೆಯದು.

ಇಂಚಿನ ಭಿನ್ನರಾಶಿಗಳು

ಸೆಂಟಿಮೀಟರು ಹತ್ತು ಭಾಗವಾದರೆ ಇಂಚು ಎರಡು, ನಾಲ್ಕು, ಎಂಟು, ಹದಿನಾರು ಎಂದು ಅರೆಯರೆಯಾಗಿ ಒಡೆಯುತ್ತದೆ. ಅಮೆರಿಕದ ಶಾಲೆಗಳಲ್ಲಿ ಇಂಚು ಮತ್ತು ಸೆಂಟಿಮೀಟರು ಎರಡನ್ನೂ ಕಲಿಸುತ್ತಾರೆ. ಅರ್ಧ, ಕಾಲು ಇಂಚಿನವರೆಗಿನ ಅಳತೆ ಭಿನ್ನರಾಶಿಯ ಪಾಠಕ್ಕೆ ಅಲ್ಲಿ ಒದಗಿಬರುತ್ತದೆ. ಕನ್ನಡದಲ್ಲಿ ಈ ಭಾಗಗಳಿಗೆ ಹಿಂದಿನಿಂದಲೂ ಹೆಸರುಗಳಿವೆ: ಅರೆ, ಕಾಲು, ಅರೆಕಾಲು, ಹದಿನಾರನೆಯ ಒಂದಕ್ಕೆ ವೀಸ. ಕೂಲಿಮಠಗಳಲ್ಲಿ ಮಕ್ಕಳು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಒಪ್ಪಿಸುತ್ತಿದ್ದರು. ಕಾಗದದ ಪಟ್ಟಿಯೊಂದನ್ನು ನಾಲ್ಕು ಬಾರಿ ಮಡಿಸಿದರೆ ಹದಿನಾರು ಸಮಭಾಗಗಳು ದೊರೆಯುತ್ತವೆ. ಹತ್ತು ಸಮಭಾಗಗಳನ್ನು ಮಡಿಸಿ ಪಡೆಯುವುದು ಅಷ್ಟು ಸುಲಭವಲ್ಲ. ದರ್ಜಿಯ ಟೇಪು ಈ ಪಾಠಕ್ಕೆ ತಕ್ಕ ಸಾಧನ, ಏಕೆಂದರೆ ಅದರಲ್ಲಿ ಇಂಚು, ಸೆಂಟಿಮೀಟರು ಎರಡೂ ಇರುತ್ತವೆ.

ಪರಿವರ್ತನೆ ಮತ್ತು ನೆಲದ ಅಳತೆ

ಒಂದು ಇಂಚು ನಿಖರವಾಗಿ 2.54 ಸೆಂಟಿಮೀಟರು, ಒಂದು ಅಡಿ 30.48 ಸೆಂಟಿಮೀಟರು, ಒಂದು ಮೈಲಿ ಸುಮಾರು 1.609 ಕಿಲೋಮೀಟರು. ಮೀಟರೆಂದರೆ ಮೂರು ಅಡಿ ಎಂಬ ಸುಲಭದ ಲೆಕ್ಕ ಅಂದಾಜಿಗೆ ಸಾಕು, ಪತ್ರ ವ್ಯವಹಾರಕ್ಕೆ ಸಾಲದು. ನಗರಗಳಲ್ಲಿ ಸಾಮಾನ್ಯವಾದ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದ ವಿಸ್ತೀರ್ಣ 1200 ಚದರ ಅಡಿ. ಅದನ್ನೇ 9 ಮೀಟರ್, 12 ಮೀಟರ್ ಎಂದು ಬರೆದರೆ 37 ಚದರ ಅಡಿಗೂ ಮಿಕ್ಕಿದ ನೆಲ ಕಾಗದದ ಮೇಲೆ ಇಲ್ಲವಾಗುತ್ತದೆ. ಮೇಲಿನ ತರಗತಿಯ ಮಕ್ಕಳಿಂದ ಈ ಲೆಕ್ಕವನ್ನು ಮಾಡಿಸಬಹುದು. ನೆರೆಹೊರೆಯ ಗೋಡೆಯ ವ್ಯಾಜ್ಯಗಳನ್ನು ಕೇಳಿ ಬಲ್ಲ ಮಕ್ಕಳಿಗೆ ಅದರ ಬೆಲೆಯನ್ನು ಬೇರೆ ಹೇಳಬೇಕಿಲ್ಲ.

ಹಳ್ಳಿಯ ಶಾಲೆಗಳಲ್ಲಿ ಗುಂಟೆಯನ್ನು ಬಯಲಿನಲ್ಲಿ ಗುರುತಿಸುವುದು ಇನ್ನೂ ಉಪಯುಕ್ತ. ಒಂದು ಗುಂಟೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1089 ಚದರ ಅಡಿ. 40 ಗುಂಟೆ ಒಂದು ಎಕರೆ. ಹಗ್ಗವನ್ನು 33 ಅಡಿಗೆ, ಎಂದರೆ 11 ಗಜಕ್ಕೆ ಅಳೆದು ನಾಲ್ಕು ಮೂಲೆಗಳಿಗೆ ಗೂಟ ನೆಟ್ಟರೆ ಗುಂಟೆ ಕಣ್ಣಿಗೆ ಕಾಣುತ್ತದೆ. ಮೂಲೆಗಳು ಸರಿಯಾಗಿವೆಯೇ ಎಂಬುದನ್ನು ಎರಡು ಕರ್ಣಗಳನ್ನೂ ಅದೇ ಹಗ್ಗದಿಂದ ಅಳೆದು ನೋಡಬೇಕು. ಅವು ಸಮನಾಗಿಲ್ಲದಿದ್ದರೆ ಗೂಟಗಳನ್ನು ಸರಿಸಿ ಮತ್ತೆ ಅಳೆಯಬೇಕು. ಎಳೆದರೆ ಹಿಗ್ಗುವ ಹಗ್ಗ ಈ ಕೆಲಸಕ್ಕೆ ಆಗದು. ಸರ್ವೇ ಸರಪಳಿಯೋ ಉಕ್ಕಿನ ಟೇಪೋ ದೊರೆತರೆ ಹಗ್ಗಕ್ಕಿಂತ ಮೇಲು.