ಬೋರ್ಡಿನಾಗ ‘ವೈನ್ಸ್’, ಬನದಾಗ ಸೇಂದಿ

ಮಕ್ತಲ್: ರಾಯಚೂರಿನಿಂದ ಕೃಷ್ಣಾ ಸೇತುವೆ ದಾಟಿ ಈ ಕಡೆ ಬಂದವರ ಕಣ್ಣಿಗೆ ಬೇಗ ಬೀಳುವುದು ‘ವೈನ್ಸ್’ ಎಂಬ ಬೋರ್ಡು. ಒಳಗೆ ವಿಸ್ಕಿ ಐತಿ, ಬ್ರಾಂದಿ ಐತಿ, ಬೀರಂತೂ ಐತೇ ಐತಿ. ದ್ರಾಕ್ಷಿ ವೈನ್ ಸಿಕ್ಕರೆ ನಿಮ್ಮ ಪುಣ್ಯ. ಅದರ ತೋಟ ನೋಡಬೇಕೆಂದರೆ ದೊಡ್ಡಬಳ್ಳಾಪುರಕ್ಕೋ ನಂದಿ ಬೆಟ್ಟದ ಕಡೆಗೋ ಹೋಗಬೇಕು. ಆದರೆ ಅಜ್ಜನಿಂದ ಮೊಮ್ಮಗನಿಗೆ ಇಳಿದು ಬಂದ ಪಾನೀಯದ ಕಸುಬು ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಹಳ್ಳಿಗಳಲ್ಲೇ ಉಂಟು. ತಾಡು, ಈಚಲ ಮರ ಏರುವ ಗೌಡರದು ಆ ಕಸುಬು. ಅವರು ‘ಕಲ್ಲು’ ಅನ್ನುವುದನ್ನು ನಾವು ಸೇಂದಿ ಅಂತೀವಿ.

ಮಕ್ತಲ್ ಸೀಮೆಯ ಅಂಥ ಒಂದು ಬನಕ್ಕೆ ಬೇಸಿಗೆಯಲ್ಲಿ ಹೋಗುವುದಾದರೆ ಬೆಳಗಿನ ಆರು ಗಂಟೆಗೇ ಹೋಗಬೇಕು. ಬಿಸಿಲೇರಿದರೆ ಸೇಂದಿಯ ಗುಣವೇ ಬದಲು. ಸೊಂಟಕ್ಕೆ ಮೋಕು, ಕಾಲಿಗೆ ಗುಜಿ, ಬೆನ್ನ ಹಿಂದೆ ಕತ್ತಿ. ಇಷ್ಟೇ ಸಲಕರಣೆ. ಮೂರಾಳು, ನಾಲ್ಕಾಳು ಎತ್ತರದ ಮರವಲ್ಲ, ಅರವತ್ತು ಎಪ್ಪತ್ತು ಅಡಿಯ ತಾಡು. ತುದಿಯಲ್ಲಿ ಹೂಗೊಂಚಲಿನ ಮೂತಿಯನ್ನು ಎಲೆಯಷ್ಟು ತೆಳ್ಳಗೆ ಕೊಯ್ದು ಲೊಟ್ಟಿ ಕಟ್ಟುತ್ತಾರೆ. ಸ್ವಲ್ಪ ಜಾಸ್ತಿ ಕೊಯ್ದರೆ ಗೊಂಚಲು ಬೇಗ ಮುಗಿಯುತ್ತದೆ, ಕಡಿಮೆ ಕೊಯ್ದರೆ ರಸ ನಿಲ್ಲುತ್ತದೆ. ಈ ಅಳತೆ ಯಾವ ಪುಸ್ತಕದಲ್ಲೂ ಇಲ್ಲ, ಅಪ್ಪನ ಹಿಂದೆ ಏರಿ ಏರಿ ಕೈಗೆ ಬರಬೇಕು. ಈಚಲಿಗೆ ಬೇರೆ ಲೆಕ್ಕ: ಅಲ್ಲಿ ಹೂವಲ್ಲ, ಕಾಂಡದ ಕುತ್ತಿಗೆಯನ್ನೇ ಕೆತ್ತುವುದು. ಅದರ ಸುಗ್ಗಿ ಚಳಿಗಾಲ.

ರಸ ತೊಟ್ಟಿಕ್ಕುವಾಗ ಬರೀ ಸಿಹಿನೀರು. ಗಡಿಗೆಗೆ ಸುಣ್ಣ ಬಳಿದಿದ್ದರೆ ಹುದುಗು ನಿಂತು ನೀರಾ ಆಗುತ್ತದೆ. ಸುಣ್ಣ ಇಲ್ಲದಿದ್ದರೆ ಗಾಳಿಯ ಮತ್ತು ಹಳೇ ಲೊಟ್ಟಿಯ ಈಸ್ಟ್ ತಾನೇ ಕೆಲಸ ಶುರು ಮಾಡುತ್ತದೆ. ದ್ರಾಕ್ಷಿ ವೈನಿಗೆ ತಿಂಗಳುಗಟ್ಟಲೆ ಕಾಯಬೇಕು, ಇದಕ್ಕೆ ತಾಸುಗಳೇ ಸಾಕು. ಬೆಳಿಗ್ಗೆ ಸಿಹಿ, ಮಧ್ಯಾಹ್ನ ಖಡಕ್, ಸಂಜೆಗೆ ಹುಳಿ. ಬಾಟಲಿ ಹಾಕಿ ವರ್ಷ ಇಡುವ ಸರಕಲ್ಲ, ಅದಕ್ಕೇ ದೂರ ಹೋಗಂಗಿಲ್ಲ. ತಾಡಿನ ಎಲೆ ಮಡಚಿದ ‘ರೇಕ’ದಲ್ಲಿ ಕುಡಿಯುವುದು ಇಲ್ಲಿನ ಪದ್ಧತಿ.

ಕಸುಬಿಗೆ ಚರಿತ್ರೆಯೂ ದೊಡ್ಡದೇ. 1708ರಲ್ಲಿ ವಾರಂಗಲ್ ಮೇಲೆ ದಾಳಿ ಮಾಡಿದ ಸರ್ವಾಯಿ ಪಾಪಣ್ಣ ಸೇಂದಿ ಇಳಿಸುವ ಮನೆತನದವನೇ. ನಿಜಾಮರ ಕಾಲದಲ್ಲಿ ಅಬಕಾರಿ ಬೊಕ್ಕಸದ ದೊಡ್ಡ ಆದಾಯಗಳಲ್ಲೊಂದು. ಏರುವವನು ಒಬ್ಬ, ಎಣಿಸುವವನು ಗುತ್ತೇದಾರ! ಈಗ ತೆಲಂಗಾಣದಲ್ಲಿ ಗೀತ ಕಾರ್ಮಿಕರ ಸಹಕಾರಿ ಸಂಘಗಳಿಗೂ ಬಿಡಿ ಮರದವರಿಗೂ ಲೈಸೆನ್ಸು ಉಂಟು. ನದಿಯಾಚೆ ನಮ್ಮ ರಾಯಚೂರು, ಯಾದಗಿರಿಯಲ್ಲಿ ಸೇಂದಿ ಮಾರುವಂತಿಲ್ಲ. ಕರ್ನಾಟಕದಲ್ಲಿ ಅದಕ್ಕೆ ಅವಕಾಶ ಇರುವುದು ಕರಾವಳಿ ಭಾಗದಲ್ಲಿ. ಬೀಗರು ಒಂದೇ, ಭಾಷೆ ಒಂದೇ, ಸೇಂದಿಗೆ ಮಾತ್ರ ಹೊಳೆ ಅಡ್ಡ.

ಅಡ್ಡ ಇದ್ದರೂ ಹೊಳೆ ದಾಟಿ ಹೋಗುವುದು ಏನು ಎಂಬುದೇ ಈಗಿನ ಚಿಂತೆ. ಅಸಲಿ ಸೇಂದಿ ಅಲ್ಲ, ‘ಸಿಎಚ್ ಪೌಡರ್’ ಕಲಸಿದ ನೀರು. ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಅದು ಸಿಗದಿದ್ದರೆ ಅಲ್ಪ್ರಜೋಲಮ್, ಡಯಾಜೆಪಾಮ್ ಗುಳಿಗೆ. ಮರ ಕಡಿಮೆ, ಕುಡಿಯುವವರು ಹೆಚ್ಚು ಎಂಬಲ್ಲಿ ಈ ದಂಧೆ ಹುಟ್ಟಿತು. ರಾಯಚೂರಿನ ಕೂಲಿ ಮನೆಗಳಲ್ಲಿ ಇದರ ಹೆಸರು ಕೇಳದವರಿಲ್ಲ.

ಬಿಟ್ಟರೂ ಕಷ್ಟ ಎಂಬುದು 2015ರಲ್ಲಿ ಗೊತ್ತಾಯಿತು. ಸರ್ಕಾರ ಬಿಗಿ ಮಾಡಿ ಕಲಬೆರಕೆ ನಿಂತದ್ದೇ ತಡ, ನಿಜಾಮಾಬಾದ್, ಮಹಬೂಬ್‌ನಗರ ಕಡೆಯ ಆಸ್ಪತ್ರೆಗಳಿಗೆ ಕೈಕಾಲು ನಡುಗಿ, ಫಿಟ್ಸ್ ಬಂದು, ಬಡಬಡಿಸುತ್ತ ಜನ ಬಂದರು. ಅದು ಸೇಂದಿಯ ಚಟವಲ್ಲ, ಪುಡಿಯ ಚಟ. 2025ರ ಜುಲೈನಲ್ಲಿ ಹೈದರಾಬಾದಿನ ಕುಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತರು. ಸುದ್ದಿ ಬಂದಾಗಲೆಲ್ಲ ಗುಮಾನಿ ಬೀಳುವುದು ನಿಯತ್ತಿನಿಂದ ಮರ ಏರುವವನ ಮೇಲೂ. ಅವನ ಗಿರಾಕಿಯೂ ಕಡಿಮೆ.

ಮನೆಯಲ್ಲಿ ಹಬ್ಬಕ್ಕೆ ಸೇಂದಿ ತರುವವರಿದ್ದರೆ ಒಂದು ಮಾತು: ಮರದ ಬುಡದಲ್ಲೇ, ಇಳಿಸುವುದನ್ನು ಕಣ್ಣಾರೆ ನೋಡಿ ತಗೊಳ್ರಿ. ಕ್ಯಾನಿನಲ್ಲಿ ಬಂದದ್ದು ಬ್ಯಾಡ. ಸಂಜೆಯಾದರೂ ಹುಳಿಯಾಗದ ಸೇಂದಿ ಸೇಂದಿಯೇ ಅಲ್ಲ. ಕುಡಿದವರಿಗೆ ಎಚ್ಚರ ತಪ್ಪಿದರೆ ಮಜ್ಜಿಗೆ, ಲಿಂಬೆಹಣ್ಣು ಅಂತ ಕೂಡಬ್ಯಾಡ್ರಿ, ಸೀದಾ ದವಾಖಾನಿಗೆ ಒಯ್ಯಿರಿ. ಪುಡಿಯ ಚಟ ಬಿಡಿಸಬೇಕಾದರೂ ಡಾಕ್ಟರೇ ಬೇಕು, ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ.

ಏರುವವರ ಜೀವದ ಮಾತೂ ಐತಿ. ಕೈ ಜಾರಿದರೆ ಬೆನ್ನುಮೂಳೆ ಹೋಯಿತು. ಗೌಡರು ನಂಬುವ ದೇವರ ಹೆಸರಲ್ಲಿ ‘ಕಾಟಮಯ್ಯ ರಕ್ಷಾ ಕವಚ’ ಎಂಬ ಸುರಕ್ಷಾ ಕಿಟ್ಟನ್ನು ತೆಲಂಗಾಣ ಸರ್ಕಾರ 2024ರ ಜುಲೈನಲ್ಲಿ ಕೊಡಲು ಶುರು ಮಾಡಿತು. ಒಳ್ಳೇದೇ ಆಯಿತು. ಆದರೆ ಬೆಲ್ಟು ಕಟ್ಟಿಕೊಂಡು ಏರಲು ಹುಡುಗರು ಬೇಕಲ್ಲ! ತಾಡು ನೆಟ್ಟರೆ ಸೇಂದಿ ಕೊಡಲು ಹತ್ತಾರು ವರ್ಷ ಹಿಡಿಯುತ್ತದೆ. ಇಂದು ಇಳಿಸುವ ಮರ ಅಜ್ಜ ಕಂಡದ್ದು. ಮೊಮ್ಮಕ್ಕಳು ಹೈದರಾಬಾದಿನಲ್ಲಿ ಆಟೋ ಓಡಿಸಿದರೆ ಈ ಮರಗಳಿಗೆ ಮೋಕು ಹಾಕುವವರು ಯಾರು?

ಹತ್ತು ಗಂಟೆ ಹೊತ್ತಿಗೆ ಬನ ಖಾಲಿ. ಲೊಟ್ಟಿಗಳು ಮತ್ತೆ ಮೇಲೇರಿರುತ್ತವೆ. ಸಂಜೆ ಇನ್ನೊಂದು ಸಲ ಮೂತಿ ಕೊಯ್ಯಬೇಕು, ನಾಳೆ ಬೆಳಿಗ್ಗೆ ಮತ್ತೆ.