ಒರೆ ಹೊರುವ ಪತಂಗವೂ ಅದರ ಆಶ್ರಯವೃಕ್ಷವೂ

ಜಾಲಿಯ ಕೊಂಬೆಗಳಲ್ಲಿ ಕಡ್ಡಿಗಳನ್ನು ನೂಲಿನಿಂದ ಬಿಗಿದು ಮಾಡಿದ ಚೀಲದೊಳಗೆ ವಾಸಿಸುವ ಹುಳು ಕನ್ನಡಿಗರಿಗೆ ಅಪರಿಚಿತವಲ್ಲ. ಬೇರೊಂದು ಕುಟುಂಬಕ್ಕೆ ಸೇರಿ, ಗಾತ್ರದಲ್ಲಿ ಬಹು ಕಿರಿದಾಗಿ, ಇಂತಹುದೇ ವೃತ್ತಿಯನ್ನು ಅನುಸರಿಸುವ ಪತಂಗಗಳ ಜಾತಿಯೊಂದುಂಟು. ಅದಕ್ಕೆ ಕೀಟಶಾಸ್ತ್ರಜ್ಞರು ಕೋಲಿಯೋಫೊರ ಎಂದು ಹೆಸರಿಟ್ಟಿರುವರು. ಗ್ರೀಕ್ ಮೂಲದ ಈ ಪದಕ್ಕೆ ಒರೆಯನ್ನು ಹೊತ್ತಿರುವುದು ಎಂದರ್ಥ. ಇದರಲ್ಲಿ ನೂರಾರು ಪ್ರಭೇದಗಳಿವೆ. ರೆಕ್ಕೆಗಳನ್ನು ನೋಡಿ ಇವನ್ನು ಬೇರ್ಪಡಿಸುವುದು ಅನೇಕವೇಳೆ ಕಷ್ಟ. ಮರಿಹುಳು ತಿನ್ನುವ ಗಿಡವೂ ಒರೆಯ ಆಕಾರವೂ ಅದಕ್ಕೆ ನೆರವಾಗುವುವು. ಹಲವು ಪ್ರಭೇದಗಳ ಹೆಸರೂ ಗಿಡದ ಹೆಸರಿನಿಂದಲೇ ಹುಟ್ಟಿದೆ.

೧೮೧೭ರಲ್ಲಿ ಹ್ಯೂಬ್ನರ್ ವರ್ಣಿಸಿದ ಲಾರಿಸೆಲ್ಲ ಇದಕ್ಕೆ ಉತ್ತಮ ನಿದರ್ಶನ. ಲಾರಿಕ್ಸ್ ಎಂಬುದು ಲಾರ್ಚ್ ಮರದ ಲ್ಯಾಟಿನ್ ಹೆಸರು. ಆಲ್ಪ್ಸ್ ಪರ್ವತಗಳಲ್ಲಿ ಬೆಳೆಯುವ ಈ ಮರದ ಎಲೆಗಳು ದೇವದಾರುವಿನಂತೆ ಸೂಜಿಯಾಕಾರದವು; ಆದರೆ ದೇವದಾರುವಿನಂತೆ ಇದು ನಿತ್ಯಹಸುರಲ್ಲ, ಶರತ್ಕಾಲದಲ್ಲಿ ಎಲೆಗಳನ್ನೆಲ್ಲ ಉದುರಿಸುವುದು. ಹುಳುವಿನ ಜೀವನವೆಲ್ಲ ಈ ಒಂದು ಗುಣಕ್ಕೆ ಹೊಂದಿಕೊಂಡಿದೆ.

ಬೂದುಬಣ್ಣದ, ರೆಕ್ಕೆ ಬಿಚ್ಚಿದರೆ ಸುಮಾರು ೯ ಮಿಲಿಮೀಟರು ಅಗಲವಾಗುವ ಪತಂಗವು ಬೇಸಗೆಯಲ್ಲಿ ಎಲೆಗಳ ಮೇಲೆ ಮೊಟ್ಟೆಯಿಡುವುದು. ಮರಿಯು ಮೊಟ್ಟೆಯಿಂದ ನೇರವಾಗಿ ಎಲೆಯೊಳಕ್ಕೆ ಕೊರೆದು ಹೊಕ್ಕು, ಒಳತಿರುಳನ್ನು ತಿಂದು, ಬರಿದಾದ ಎಲೆಗೆ ರೇಷ್ಮೆಯ ಒಳಪದರವನ್ನು ಕೊಡುವುದು. ಬಳಿಕ ಅದನ್ನು ಎರಡು ತುದಿಗಳಲ್ಲಿಯೂ ಕತ್ತರಿಸಿಕೊಂಡರೆ ಒರೆ ಸಿದ್ಧ. ಎಲೆಯಲ್ಲಿಯೇ ಉಳಿದರೆ ಎಲೆಯೊಡನೆ ನೆಲಕ್ಕೆ ಬೀಳಬೇಕು. ಆದುದರಿಂದ ಎಲೆಯುದುರುವ ಮುನ್ನ ಹುಳು ಒರೆಸಮೇತ ರೆಂಬೆಗೆ ಸರಿದು, ಒರೆಯನ್ನು ರೇಷ್ಮೆಯಿಂದ ಅದಕ್ಕೆ ಅಂಟಿಸಿ ಚಳಿಗಾಲವನ್ನು ಕಳೆಯುವುದು. ವಸಂತದಲ್ಲಿ ಎಳೆಯ ಚಿಗುರನ್ನು ತಿಂದು, ಒರೆಯನ್ನು ಹಿಗ್ಗಿಸಿಕೊಂಡು, ಅದರೊಳಗೇ ಕೋಶಾವಸ್ಥೆಯನ್ನು ಹೊಂದುವುದು. ವರ್ಷಕ್ಕೆ ಒಂದೇ ತಲೆಮಾರು.

ಮರವು ಮತ್ತೊಮ್ಮೆ ಚಿಗುರಬಲ್ಲುದು. ಆದರೆ ವರ್ಷವರ್ಷವೂ ಹಾವಳಿಯಾದರೆ ಬೆಳವಣಿಗೆ ಕುಂದಿ ಕೊಂಬೆಗಳು ಒಣಗುವುವು. ಯೂರೋಪಿನ ಈ ಕೀಟವು ೧೮೮೬ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿಯೂ, ೧೯೫೭ರಲ್ಲಿ ಪಶ್ಚಿಮದ ಐಡಹೋ ಪ್ರಾಂತದಲ್ಲಿಯೂ ಕಂಡುಬಂದಿತು. ಅಲ್ಲಿಯ ಲಾರ್ಚ್‌ಗಳು ಬೇರೆ ಪ್ರಭೇದದವಾದರೂ ಹುಳುವಿಗೆ ಒಗ್ಗಿದವು. ಆದರೆ ಅದನ್ನು ಹತೋಟಿಯಲ್ಲಿಡುತ್ತಿದ್ದ ತವರಿನ ಶತ್ರುಗಳು ಅಲ್ಲಿರಲಿಲ್ಲ. ಆದಕಾರಣ ಯೂರೋಪಿನಿಂದ ಅಗಾಥಿಸ್ ಪ್ಯುಮಿಲ ಮುಂತಾದ ಪರೋಪಜೀವಿ ಕಣಜಗಳನ್ನು ತರಿಸಿ, ಮೊದಲು ಪೂರ್ವಭಾಗದಲ್ಲಿಯೂ, ೧೯೬೦ರಿಂದ ಮುಂದೆ ಪಶ್ಚಿಮದಲ್ಲಿಯೂ ಬಿಡಲಾಯಿತು. ಕಣಜವು ಹುಳುವಿನಲ್ಲಿ ಮೊಟ್ಟೆಯಿಡುವುದು. ಅದರ ಮರಿಯು ಹುಳುವನ್ನೇ ತಿಂದು ಬೆಳೆಯುವುದು. ಇದರಿಂದ ಹಾವಳಿ ಬಹುಮಟ್ಟಿಗೆ ತಗ್ಗಿತು. ಆದರೂ ಕೆಲವೆಡೆ ಮರಳಿ ತಲೆಯೆತ್ತಿರುವುದುಂಟು. ಆಹಾರ, ಮನೆ, ಹೆಸರು ಮೂರನ್ನೂ ಮರದಿಂದಲೇ ಪಡೆದ ಈ ಕೀಟವನ್ನು ಮರದಿಂದ ಬೇರ್ಪಡಿಸಿ ಅರಿಯುವುದು ಸಾಧ್ಯವಲ್ಲ.